ಹಡಗು ಕಾಣದ ಫೆರಿ ಕಚೇರಿಯಲ್ಲಿ

ಕಳೆದ ಯುಗಾದಿಗೆ ಮ್ಯಾಂಚೆಸ್ಟರಿನ ಪಕ್ಕದ ಸ್ಟಾಕ್‌ಪೋರ್ಟಿನ ಕನ್ನಡದವರೆಲ್ಲ ಸೇರಿ ಒಂದು ಶಾಲೆಯ ಹಾಲಿನಲ್ಲಿ ಊಟ ಇಟ್ಟುಕೊಂಡಿದ್ದೆವು. ನಾನು ಬೇವು-ಬೆಲ್ಲ ಹಂಚುತ್ತಿದ್ದಾಗ ಅನನ್ಯ ಎಂಬ ಹುಡುಗಿ ಪಕ್ಕಕ್ಕೆ ಬಂದು ನಿಂತಳು. ಬೆಂಗಳೂರಿನವಳು, ಬರ್ಮಿಂಗ್‌ಹ್ಯಾಮಿನಲ್ಲಿ ಓದು ಮುಗಿಸಿ ಮ್ಯಾಂಚೆಸ್ಟರಿಗೆ ಬಂದವಳು.

"ಆಂಟಿ, ನಂಗೆ ಫೆರಿ ಕಂಪನೀಲಿ ಜಾಬ್ ಸಿಕ್ತು, ಫ್ರೈಟ್ ಡೆಸ್ಕಲ್ಲಿ, ಸರಕಿನ ಲಾರಿಗಳದ್ದು. ನೀವು ರಿಟೈರ್ ಆಗೋವರೆಗೂ ಅದೇ ಕೆಲಸದಲ್ಲಿ ಇದ್ರಂತಲ್ಲ? ಹೇಗಿರತ್ತೆ? ಬರೀ ಬುಕಿಂಗ್ ತಗೊಳ್ಳೋದಾ?"

"ಒಂದು ರೀತೀಲಿ ಅಷ್ಟೇಮ್ಮ" ಎಂದುಬಿಟ್ಟೆ. ಹಿಂದೆ ಸಾಲು ಕಾಯುತ್ತಿತ್ತು.

ಮನೆಗೆ ಬರುವಾಗ ಕಾರಿನಲ್ಲಿ ನನ್ನ ಯಜಮಾನರು ಶಿವಾನಂದ ಸುಮ್ಮನಿರಲಿಲ್ಲ. "ಅಷ್ಟೇ ಅಂದಿ ನೋಡು ಆ ಹುಡುಗಿಗೆ! ದಿನಾ ಸಂಜಿ ಮನಿಗೆ ಬಂದು ಚಪಾತಿ ಲಟ್ಟಿಸಿಕೋತ ನನಗ ಹೇಳ್ತಿದ್ದೆಲ್ಲ, ಅದನ್ನೆಲ್ಲ ಯಾರು ಹೇಳಬೇಕು ಆಕಿಗೆ? ಕೂತು ಬರಿ."

ಹಾಗಾಗಿ ಇದು ಅನನ್ಯಳಿಗೆ, ಅವಳ ಹಾಗೆ ಈ ಕೆಲಸಕ್ಕೆ ಸೇರುವ ಉಳಿದವರಿಗೆ.

ನಾವು ಧಾರವಾಡದಿಂದ ಇಲ್ಲಿಗೆ ಬಂದದ್ದು ಯಜಮಾನರ ಇಂಜಿನಿಯರಿಂಗ್ ಕೆಲಸದ ಸಲುವಾಗಿ. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನಾನೂ ಕೆಲಸ ಹುಡುಕಿದೆ. ಕೆಲವು ತಿಂಗಳು ಬಟ್ಟೆ ಅಂಗಡಿಯೊಂದರಲ್ಲಿ ನಿಂತೆ. ಆಮೇಲೆ ಫೆರಿ ಕಂಪನಿಯ ಮ್ಯಾಂಚೆಸ್ಟರ್ ಕಚೇರಿಯಲ್ಲಿ ಫೋನಿನಲ್ಲಿ ಮಾತನಾಡುವವರು ಬೇಕು ಎಂದು ತಿಳಿದು ಅರ್ಜಿ ಹಾಕಿದೆ. ಕಂಪನಿ ಯುರೋಪಿನದು. ಪಶ್ಚಿಮದಲ್ಲಿ ಲಿವರ್‌ಪೂಲಿನಿಂದ ಐರ್ಲೆಂಡಿಗೆ, ಪೂರ್ವದಲ್ಲಿ ಹಂಬರ್ ನದಿ ಸಮುದ್ರ ಸೇರುವ ಕಡೆಯಿಂದ ಹಾಲೆಂಡಿಗೆ ಅದರ ಹಡಗುಗಳು ಓಡುತ್ತಿದ್ದವು. ಮೇಲಿನ ಅಂತಸ್ತುಗಳಲ್ಲಿ ಪ್ರಯಾಣಿಕರು, ಹಡಗಿನ ಹೊಟ್ಟೆಯೊಳಗೆ ಸಾಲುಸಾಲಾಗಿ ಕಾರು, ಕೋಚು ಎನ್ನುವ ಪ್ರವಾಸಿ ಬಸ್ಸು, ಲಾರಿ. ನಮ್ಮ ಕಚೇರಿ ಇದ್ದದ್ದು ಇವೆರಡೂ ತೀರಗಳ ನಡುವೆ, ಮ್ಯಾಂಚೆಸ್ಟರಿನ ಪಿಕಡಿಲಿ ಸ್ಟೇಷನ್ನಿನ ಹತ್ತಿರ. ಕಿಟಕಿಯಿಂದ ಕಾಣುತ್ತಿದ್ದುದು ಟ್ರಾಮು ಮತ್ತು ಒದ್ದೆ ಸೂರುಗಳು. ನಾನು ಹಡಗು ಹತ್ತಿಸಿದವರಿಗೆ ಲೆಕ್ಕವಿಲ್ಲ, ಆದರೆ ಮೊದಲ ಎರಡು ವರ್ಷ ಹಡಗನ್ನೇ ನೋಡಿರಲಿಲ್ಲ.

ನನ್ನನ್ನು ಆರಿಸಿದವಳು ಅಲ್ಲಿಯ ಮ್ಯಾನೇಜರ್ ಮೊರೀನ್. ಪಕ್ಕದ ಸಾಲ್ಫರ್ಡಿನ ಹೆಂಗಸು, ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ದನಿ. ಸಂದರ್ಶನದ ಕೊನೆಯಲ್ಲಿ ಕೇಳಿದಳು, "ನಿನ್ನನ್ನ ಏನಂತ ಕರೀಲಿ?"

ಬಟ್ಟೆ ಅಂಗಡಿಯಲ್ಲಿ ವಸುಧಾ ಎನ್ನಲು ಬಾರದೆ ನನ್ನನ್ನು ವಿಕಿ ಮಾಡಿದ್ದರು. "ವಿಕಿ ಅಂದ್ರೆ ನಡೆಯುತ್ತೆ" ಎಂದೆ.

"ನಿಮ್ಮಮ್ಮ ವಿಕಿ ಅಂತಾರಾ?"

"ಇಲ್ಲ."

"ಹಾಗಾದ್ರೆ ನಾನೂ ಅನ್ನಲ್ಲ. ಸರಿಯಾದ ಹೆಸರು ಹೇಳು. ನಿಧಾನಕ್ಕೆ."

ಅವಳಿಗೆ 'ಧ' ಎಂದೂ ಬರಲಿಲ್ಲ. ಆದರೆ ಬಿಡಲೂ ಇಲ್ಲ. ಅವಳು ಕರೆದದ್ದನ್ನು ಕೇಳಿ ಕಚೇರಿ ಕರೆಯಿತು, ಕಚೇರಿಯನ್ನು ಕೇಳಿ ಲಾರಿ ಚಾಲಕರು ಕರೆದರು. ಪರದೇಶದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಯಾರಾದರೂ ನಿಮ್ಮ ಹೆಸರಿಗಾಗಿ ಇಷ್ಟು ಕಷ್ಟಪಟ್ಟರೆ ಉಳಿದದ್ದೆಲ್ಲ ಅರ್ಧ ಹಗುರಾಗುತ್ತದೆ. ಹೊಸಬರು ಬಂದಾಗ ನೀವೂ ಹಾಗೇ ಮಾಡಿ.

ನಾನು ಧಾರವಾಡದಲ್ಲಿ ಇಂಗ್ಲಿಷ್ ಮುಖ್ಯ ವಿಷಯವಾಗಿ ಬಿ.ಎ. ಮಾಡಿದವಳು. ಆ ಇಂಗ್ಲಿಷಿಗೂ ಫೋನಿನಲ್ಲಿ ಬರುವ ಇಂಗ್ಲಿಷಿಗೂ ನೆಂಟಸ್ತಿಕೆಯೇ ಇರಲಿಲ್ಲ. ಒಂದು ಬೆಳಿಗ್ಗೆ ಸ್ಟೋಕ್ ಕಡೆಯಿಂದ ಕರೆ ಬಂತು. ಸ್ಟೋಕ್ ಪಿಂಗಾಣಿ ಸಾಮಾನಿಗೆ ಹೆಸರಾದ ಊರು. ಗಂಡಸೊಬ್ಬ ಹಾಲೆಂಡಿಗೆ ಒಂದು ಲಾರಿ ಕಳಿಸಬೇಕಿತ್ತು.

"ಏನು ಸರಕು?" ಎಂದೆ.

"ತಟ್ಟೆ, ಡಕ್."

ಬರೆದುಕೊಂಡೆ. ತಟ್ಟೆ. ಬಾತುಕೋಳಿ. ಜೀವಂತ ಪ್ರಾಣಿಗಳಿದ್ದರೆ ಲಾರಿಯನ್ನು ಗಾಳಿಯಾಡುವ ಕಡೆ ನಿಲ್ಲಿಸಬೇಕೆಂದು ಹಿಂದಿನ ವಾರವಷ್ಟೇ ತರಬೇತಿಯಲ್ಲಿ ಹೇಳಿದ್ದರು. ಆದ್ದರಿಂದ ಬಹಳ ಶ್ರದ್ಧೆಯಿಂದ ಕೇಳಿದೆ, "ಬಾತುಕೋಳಿ ಜೀವಂತವೋ, ಫ್ರೋಜನ್ನೋ?"

ಆ ಕಡೆಯಿಂದ ಅವನು ನಕ್ಕ ನಗೆಗೆ ಪಕ್ಕದ ಮೇಜಿನವರೂ ತಲೆ ಎತ್ತಿದರು. ಆ ಸೀಮೆಯಲ್ಲಿ ಪ್ರೀತಿಯಿಂದ ಎಲ್ಲರನ್ನೂ 'ಡಕ್' ಎಂದೇ ಕರೆಯುತ್ತಾರಂತೆ, ನಮ್ಮಲ್ಲಿ 'ತಂಗಿ' ಎಂದ ಹಾಗೆ. ನನಗೆ ಮುಖ ಎತ್ತಲಾಗಲಿಲ್ಲ. ಮೊರೀನ್ ಹತ್ತಿರ ಬಂದು, ಕಣ್ಣೀರು ಒರೆಸಿಕೊಂಡು (ನಕ್ಕೂ ನಕ್ಕೂ ಬಂದದ್ದು) ಹೇಳಿದಳು: "ಸರಿಯಾದ ಪ್ರಶ್ನೇನೇ ಕೇಳಿದ್ದೀಯ. ಗೊತ್ತಿಲ್ಲದಿದ್ದಾಗ ಹೀಗೇ ಕೇಳು. ಗೊತ್ತಾದವರ ಹಾಗೆ ಹೂಂಗುಟ್ಟೋರಿಂದಲೇ ಲಾರಿಗಳು ಬಂದರಿನಲ್ಲಿ ಸಿಕ್ಕಿಹಾಕಿಕೊಳ್ಳೋದು." ಆ ಪಿಂಗಾಣಿಯ ಮನುಷ್ಯ ಆಮೇಲೆ ಎಷ್ಟೋ ವರ್ಷ ನನ್ನನ್ನೇ ಕೇಳಿಕೊಂಡು ಫೋನ್ ಮಾಡುತ್ತಿದ್ದ. "ಇವತ್ತು ಬಾತುಕೋಳಿ ಇಲ್ಲ ನೋಡಿ" ಎಂದೇ ಮಾತು ಶುರುಮಾಡುತ್ತಿದ್ದ.

ಮೊರೀನ್ ಕಲಿಸಿದ ದೊಡ್ಡ ಪಾಠ ಬಂದದ್ದು ಒಂದು ಬಿರುಗಾಳಿಯ ದಿನ. ಲೆಸ್ಟರಿನ ದೇವಸ್ಥಾನವೊಂದರ ಭಜನೆ ಮಂಡಳಿಯ ಹೆಂಗಸರು ಕೋಚ್ ಮಾಡಿಕೊಂಡು ಹಾಲೆಂಡಿನ ಟ್ಯೂಲಿಪ್ ತೋಟ ನೋಡಲು ಹೊರಟಿದ್ದರು. ಬಹುತೇಕ ಎಲ್ಲರೂ ಅಜ್ಜಿಯರು. ಅವರ ಕೋಚು ಹಂಬರ್ ಬಂದರಿನ ಸಾಲಿನಲ್ಲಿ ನಿಂತ ಮೇಲೆ ಕ್ಯಾಪ್ಟನ್ ಹಡಗು ಬಿಡುವುದಿಲ್ಲವೆಂದು ತೀರ್ಮಾನಿಸಿದ. ಮುಂದಿನ ಹಡಗು ಮಾರನೆಯ ಸಂಜೆಗೆ. ಎಲ್ಲ ಪ್ರಯಾಣಿಕರಿಗೂ ಹೇಳುವ ಕೆಲಸ ನಮ್ಮದು. ಹೇಳಲು ಒಂದು ಸಿದ್ಧ ವಾಕ್ಯವಿತ್ತು: ಕಾರ್ಯಾಚರಣೆಯ ಕಾರಣಗಳಿಂದ ವ್ಯತ್ಯಯವಾಗಿದೆ, ಹೊಸ ಮಾಹಿತಿಗಾಗಿ ಕಾಯಿರಿ.

ಮೊರೀನ್ ಆ ಹಾಳೆಯನ್ನು ಮಗುಚಿಟ್ಟಳು. "ಕೆಟ್ಟ ಸುದ್ದೀನ ಮೊದಲನೇ ವಾಕ್ಯದಲ್ಲೇ ಹೇಳು. ಆಮೇಲೆ ಫೋನ್ ಇಡಬೇಡ."

ಮಂಡಳಿಯ ಮುಖ್ಯಸ್ಥೆ, ಗುಜರಾತಿ ಹೆಂಗಸು ಕೋಕಿಲಾಬೆನ್‌ಗೆ ಫೋನ್ ಮಾಡಿದೆ. ಹಿಂದಿಯಲ್ಲೇ ಹೇಳಿದೆ: "ಇವತ್ತು ಹಡಗು ಹೋಗೋದಿಲ್ಲ ಬೆನ್. ಸಮುದ್ರ ಬಹಳ ಕೆಟ್ಟಿದೆ. ನಾಳೆ ಸಂಜೆ ಹೋಗುತ್ತೆ."

ಅವರು ಹೇಳಿದರು: "ಮಗಳೇ, ಹೋಟೆಲೆಲ್ಲ ತುಂಬಿದೆ ಅಂತ ಡ್ರೈವರ್ ಹೇಳ್ತಾನೆ. ಇವರಲ್ಲಿ ಮೂರು ಜನಕ್ಕೆ ಮಂಡಿ ನೋವು. ಲೆಸ್ಟರಿಗೆ ವಾಪಸು ಹೋದರೆ ನಾಳೆ ಮತ್ತೆ ಹೊರಡಿಸೋದು ನನ್ನಿಂದ ಆಗಲ್ಲ. ಈ ಪ್ರವಾಸ ಇಲ್ಲಿಗೇ ಮುಗೀತು ಅಂದ್ಕೋ." ಹಿಂದಿನಿಂದ ಯಾರೋ ಅಳುವುದು ಕೇಳಿಸಿತು. ಆ ಅಜ್ಜಿ ಗಂಡ ತೀರಿಕೊಂಡ ಮೇಲೆ ಮೊದಲ ಸಲ ಮನೆಯಿಂದ ಹೊರಗೆ ಬಂದಿದ್ದರಂತೆ.

ಫೋನ್ ಇಡಬೇಡ ಎಂದರೆ ಏನು ಮಾಡಬೇಕು ಎಂದು ಮೊರೀನ್ ಹೇಳಿರಲಿಲ್ಲ. ಬಂದರಿನಿಂದ ಲೀಡ್ಸ್ ದೂರವಲ್ಲ. ಅಲ್ಲಿ ನಮ್ಮ ಹುಬ್ಬಳ್ಳಿ ಕಡೆಯ ಡಾಕ್ಟರ್ ಒಬ್ಬರಿದ್ದರು, ಅವರಿಗೆ ಅಲ್ಲಿಯ ದೇವಸ್ಥಾನದವರ ಪರಿಚಯವಿತ್ತು. ಮೊರೀನ್‌ಳನ್ನು ನೋಡಿದೆ. "ಮಾಡು, ನಿನ್ನ ಸಾಲಿನ ಫೋನೆಲ್ಲ ನಾನು ತಗೋತೀನಿ" ಎಂದು ತನ್ನ ಹೆಡ್‌ಸೆಟ್ ಹಾಕಿಕೊಂಡಳು. ಡಾಕ್ಟರು ಕ್ಲಿನಿಕ್ಕಿನಲ್ಲಿದ್ದರು. "ಅಕ್ಕಾ, ಹತ್ತು ನಿಮಿಷ ಕೊಡ್ರಿ" ಎಂದರು. ಅಷ್ಟರಲ್ಲೇ ದೇವಸ್ಥಾನದ ಸಮಿತಿಯವರೇ ನನಗೆ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, ಎಷ್ಟು ಜನ ಎಂದಲ್ಲ. "ಈರುಳ್ಳಿ-ಬೆಳ್ಳುಳ್ಳಿ ತಿಂತಾರಾ?"

ಕೋಚು ಲೀಡ್ಸಿಗೆ ಹೋಯಿತು. ಹಾಲಿನಲ್ಲಿ ಹಾಸಿಗೆ ಹಾಕಿದರು. ಅಡುಗೆಮನೆಯನ್ನು ಒಂದು ತಾಸಿನೊಳಗೆ ಆ ಹೆಂಗಸರೇ ವಶಪಡಿಸಿಕೊಂಡರಂತೆ. ಮಾರನೆಯ ಸಂಜೆ ಎಲ್ಲರೂ ಹಡಗು ಹತ್ತಿದರು. ವಾರದ ಮೇಲೆ ಕೋಕಿಲಾಬೆನ್ ಕಚೇರಿಗೆ ಒಂದು ಡಬ್ಬಿ ತುಂಬ ಥೇಪ್ಲಾ, ಅವರ ಕಡೆಯ ಮೆಂತ್ಯ ಸೊಪ್ಪಿನ ರೊಟ್ಟಿ, ಕಳಿಸಿದರು, ಜೊತೆಗೆ ಟ್ಯೂಲಿಪ್ ಸಾಲುಗಳ ನಡುವೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ನಿಂತ ಅಜ್ಜಿಯರ ಫೋಟೊ. ನಡುವೆ ಇದ್ದವರೇ ಅತ್ತ ಅಜ್ಜಿ ಎಂದು ಹಿಂದೆ ಬರೆದಿತ್ತು. ಬಾಯಿ ತುಂಬ ನಗುತ್ತಿದ್ದರು. ಮೊರೀನ್ ಥೇಪ್ಲಾಕ್ಕೆ ಬೆಣ್ಣೆ ಸವರಿಕೊಂಡು ತಿಂದಳು.

ಕೆಲಸದ ರೀತಿ ಕಣ್ಣೆದುರೇ ಬದಲಾಯಿತು. ನಾನು ಸೇರಿದಾಗ ಸರಕಿನ ವಿವರ ಫ್ಯಾಕ್ಸಿನಲ್ಲಿ ಬರುತ್ತಿತ್ತು, ಉಳಿದದ್ದೆಲ್ಲ ಫೋನಿನಲ್ಲಿ. ಆಮೇಲೆ ಇಮೇಲ್ ಬಂತು, ಆಮೇಲೆ ಲಾರಿ ಕಂಪನಿಗಳು ತಾವೇ ಬುಕ್ ಮಾಡುವ ಪೋರ್ಟಲ್ ಬಂತು. ನಮ್ಮ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಪೋರ್ಟಲ್ಲಿಗೆ ಊಟದ ಹೊತ್ತು ಇಲ್ಲ, ಕೆಮ್ಮು ಇಲ್ಲ, ಡಕ್ ಎಂದರೆ ಗಲಿಬಿಲಿಯಿಲ್ಲ. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಪ್ರತಿ ಲಾರಿಗೂ ಕಸ್ಟಮ್ಸ್ ಕಾಗದ ಬೇಕಾಯಿತು. ಯಾವ ಕಾಗದ ಯಾರು ಮಾಡಬೇಕು ಎಂದು ನಮಗೂ ಸರಿಯಾಗಿ ಗೊತ್ತಿರದ ತಿಂಗಳುಗಳಿದ್ದವು. ಕೋವಿಡ್ ಬಂದಾಗ ಹಡಗಿನ ಮೇಲಂತಸ್ತು ಖಾಲಿ, ಕೆಳಗೆ ಲಾರಿಗಳು ಮಾತ್ರ. ಆಗ ನಾನು ಸ್ಟಾಕ್‌ಪೋರ್ಟಿನ ಮನೆಯಲ್ಲಿ ಊಟದ ಮೇಜಿನ ಮೇಲೆ ಕೂತು ಕೆಲಸ ಮಾಡುತ್ತಿದ್ದೆ. ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಅಂಗಡಿಗೆ ಟೊಮೇಟೊ, ಆಸ್ಪತ್ರೆಗೆ ಔಷಧಿ ತರುತ್ತಿದ್ದವರು ಈ ಚಾಲಕರು. ಬುಕಿಂಗ್ ಮುಗಿದ ಮೇಲೂ ಕೆಲವರು ಫೋನ್ ಇಡುತ್ತಿರಲಿಲ್ಲ. ಅವರು ದಿನವಿಡೀ ಯಾರ ಜೊತೆಗೂ ಮಾತಾಡಿರುತ್ತಿರಲಿಲ್ಲ.

ಅಷ್ಟರಲ್ಲಿ ಮೊರೀನ್ ನಿವೃತ್ತಳಾಗಿದ್ದಳು. ಅವಳ ಜಾಗಕ್ಕೆ ಬಂದವನು ಡೇನಿಯಲ್, ಬರ್ಮಿಂಗ್‌ಹ್ಯಾಮಿನ ಹುಡುಗ, ನನ್ನ ಮಗಳ ವಯಸ್ಸಿನವನು. ಬಂದವನೇ ಗೋಡೆಯ ಮೇಲೆ ದೊಡ್ಡ ಪರದೆ ಹಾಕಿಸಿದ. ಯಾರ ಕರೆ ಎಷ್ಟು ಹೊತ್ತು ನಡೆಯುತ್ತಿದೆ ಎಂದು ಅದರಲ್ಲಿ ಕಾಣುತ್ತಿತ್ತು. ನನ್ನ ಹೆಸರು ಸದಾ ಕೆಂಪಾಗಿರುತ್ತಿತ್ತು. ಆದರೂ ನ್ಯಾಯವಾಗಿ ಹೇಳಬೇಕೆಂದರೆ ಅವನು ಕೆಟ್ಟವನಲ್ಲ. ಯಾರಿಗೆ ಯಾವ ಪಾಳಿ ಎಂಬ ರೋಟಾ ಹಾಕುವಾಗ ದೀಪಾವಳಿ ಯಾವಾಗ ಎಂದು ತಾನಾಗಿ ಕೇಳಿದ ಮೊದಲ ಮ್ಯಾನೇಜರ್ ಅವನೇ.

"ವಸುಧಾ, ಚಾಲಕರ ಜೊತೆ ನೀವು ಇಷ್ಟು ಹೊತ್ತು ಏನು ಮಾತಾಡ್ತೀರ?" ಎಂದು ಒಮ್ಮೆ ಕೇಳಿದ. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿಯದೆ.

"ಹವಾಮಾನ, ಮಕ್ಕಳು, ಬೆನ್ನು ನೋವು."

"ಅದು ನಮ್ಮ ಕೆಲಸವಾ?"

ಅಷ್ಟರಲ್ಲಿ ಮುಂದಿನ ಕರೆ ಬಂತು, ಎತ್ತಿಕೊಂಡೆ.

ಹೆನ್ರಿಕ್ ಎಂಬ ಚಾಲಕನಿದ್ದ. ಪೋಲೆಂಡಿನವನು, ಲೀಡ್ಸಿನ ಒಂದು ಸಣ್ಣ ಲಾರಿ ಕಂಪನಿಗೆ ಓಡಿಸುತ್ತಿದ್ದ, ವಾರಕ್ಕೊಮ್ಮೆಯಾದರೂ ಹಂಬರಿನಿಂದ ನಮ್ಮ ಹಡಗು ಹತ್ತುತ್ತಿದ್ದ. ಬುಕಿಂಗ್ ಪೋರ್ಟಲ್ಲಿನಲ್ಲೇ ಆಗುತ್ತಿದ್ದರೂ, ಹಡಗು ಸರಿಯಾದ ಹೊತ್ತಿಗೆ ಇದೆಯೇ ಎಂದು ಕೇಳುವ ನೆಪದಲ್ಲಿ ಫೋನ್ ಮಾಡುತ್ತಿದ್ದ. ಎಷ್ಟೋ ವರ್ಷಗಳ ಪರಿಚಯ, ಮುಖ ನೋಡಿರಲಿಲ್ಲ. ಮೆಲುದನಿ, ಪ್ರತಿ ವಾಕ್ಯಕ್ಕೂ 'ಪ್ಲೀಸ್'. ಹೆಂಡತಿ ಏವಾ ಪೋಲೆಂಡಿನಲ್ಲೇ ತಾಯಿಯನ್ನು ನೋಡಿಕೊಳ್ಳುತ್ತಿದ್ದಳು. ತನ್ನ ತಂದೆ ಕುಡಿದೇ ಸತ್ತದ್ದರಿಂದ ತಾನು ಮದ್ಯ ಮುಟ್ಟುವುದಿಲ್ಲ ಎಂದು ಒಮ್ಮೆ ಹೇಳಿದ್ದ. ಒಂದು ವಾರ, ಸಕ್ಕರೆ ಕಾಯಿಲೆ ಶುರುವಾಗಿದೆ, ಡಾಕ್ಟರು ಹೊಸ ಮಾತ್ರೆ ಕೊಟ್ಟಿದ್ದಾರೆ ಎಂದ. ನನ್ನ ಅತ್ತೆಗೂ ಅದೇ ಇತ್ತು ಎಂದೆ. ಹೊತ್ತು ಹೊತ್ತಿಗೆ ಊಟ ಮಾಡು ಎಂದೆ.

ಅದರ ಮುಂದಿನ ವಾರ ಒಂದು ಮಧ್ಯಾಹ್ನ ಅವನ ಕರೆ ಬಂತು.

"ವಸುಡಾ, ಹಡಗು ಇಲ್ಲ. ಅವರು ಇಲ್ಲ ಅಂತಾರೆ. ಯಾಕೆ ಇಲ್ಲ? ಯಾಕೆ ಇಲ್ಲ?"

ಮಾತು ತೊದಲುತ್ತಿತ್ತು. ಕೂಗುತ್ತಿದ್ದ. ಪ್ಲೀಸ್ ಎನ್ನಲಿಲ್ಲ. ಅದೇ ಹೊತ್ತಿಗೆ ನನ್ನ ಪರದೆಯ ಮೇಲೆ ಬಂದರಿನ ಗೇಟಿನಿಂದ ಸಂದೇಶ ಮೂಡಿತು: ಚಾಲಕ ಕುಡಿದಂತಿದೆ, ಹಡಗಿಗೆ ಬಿಡುವುದಿಲ್ಲ, ಪೊಲೀಸರಿಗೆ ತಿಳಿಸಿದ್ದೇವೆ.

ಗೇಟಿನವರ ತಪ್ಪೇನಿಲ್ಲ. ಅವರು ಅವನನ್ನು ಅವತ್ತು ಮಾತ್ರ ನೋಡಿದ್ದರು.

"ಹೆನ್ರಿಕ್, ಬೆಳಿಗ್ಗೆ ಏನು ತಿಂದೆ?"

"ಟ್ರಾಫಿಕ್. ತುಂಬ ಟ್ರಾಫಿಕ್."

"ಮಾತ್ರೆ ತಗೊಂಡ್ಯಾ?"

"ತಗೊಂಡೆ. ನಾನು ಒಳ್ಳೆ ಚಾಲಕ. ನನಗೆ ಚಳಿ."

ನನ್ನ ಅತ್ತೆಗೆ ಸಕ್ಕರೆ ಇಳಿದಾಗ ಹೀಗೇ ಆಗುತ್ತಿತ್ತು. ಮನೆಯವರನ್ನೆಲ್ಲ ಬೈಯುತ್ತಿದ್ದರು, ನಾಲಿಗೆ ಹೊರಳುತ್ತಿರಲಿಲ್ಲ, ಬೆವರಿನಲ್ಲಿ ತೊಯ್ದು ಚಳಿ ಎನ್ನುತ್ತಿದ್ದರು. ನಾನು ಎದ್ದು ನಿಂತೆ. ಡೇನಿಯಲ್‌ನತ್ತ ಕೈ ಬೀಸಿ, ಮೈಕು ಮುಚ್ಚಿ ಹೇಳಿದೆ: "ಇವನು ಕುಡಿದಿಲ್ಲ. ಸಕ್ಕರೆ ಇಳಿದಿದೆ. ಗೇಟಿಗೆ ಹೇಳು. ಆಂಬುಲೆನ್ಸ್ ಬೇಕು."

"ಖಂಡಿತಾನಾ?"

"ಖಂಡಿತ ಅಂತ ಹೇಗೆ ಹೇಳಲಿ? ಆದರೆ ಇವನು ನನಗೆ ಗೊತ್ತು."

ಡೇನಿಯಲ್ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಒಂದು ಕೈಯಲ್ಲಿ ಗೇಟಿನವರಿಗೆ ಫೋನು ಹಚ್ಚಿದ, ಇನ್ನೊಂದರಲ್ಲಿ ಆಂಬುಲೆನ್ಸಿಗೆ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಲಾರಿ ಹತ್ತಿರ ಹೋಗಿ. ಈಗಲೇ. ಎಚ್ಚರ ಇದ್ದರೆ ಸಿಹಿ ಏನಾದರೂ ಕುಡಿಸಿ."

ನಾನು ಹೆನ್ರಿಕ್‌ನನ್ನು ಮಾತಾಡಿಸುತ್ತಲೇ ಇದ್ದೆ. ಏವಾ ಹೇಗಿದ್ದಾಳೆ? ಲಾರಿಯಲ್ಲಿ ಬಿಸ್ಕೆಟ್ ಇದೆಯಾ, ನೋಡು. ಕಿಟಕಿಯಿಂದ ಏನು ಕಾಣುತ್ತೆ? ಉತ್ತರಗಳು ಪೋಲಿಷ್ ಭಾಷೆಗೆ ತಿರುಗಿದವು. ಆಮೇಲೆ ಬರೀ ಉಸಿರು. ಆಮೇಲೆ ಫೋನು ಎಲ್ಲೋ ಬಿದ್ದ ಸದ್ದು.

"ಹೆನ್ರಿಕ್! ಹೆನ್ರಿಕ್!"

ಲೈನು ಮಾತ್ರ ಕಡಿದಿರಲಿಲ್ಲ. ಎಂಜಿನ್ನುಗಳ ಗುರ್ರೆನ್ನುವ ಸದ್ದು, ಕಡಲ ಹಕ್ಕಿಗಳ ಕಿರುಚಾಟ ಕೇಳುತ್ತಿತ್ತು. ಅದೆಷ್ಟು ಹೊತ್ತಾಯಿತೋ ನನಗೆ ತಿಳಿಯದು. ಕಡೆಗೆ ಲಾರಿಯ ಬಾಗಿಲು ತೆರೆದ ಸದ್ದಾಯಿತು, ಹೆಂಗಸಿನ ದನಿ: "ಈ ಕಡೆ ತಿರುಗು ಲವ್, ಇದನ್ನ ಕುಡಿ, ಸ್ವಲ್ಪ ಸ್ವಲ್ಪ. ಹಾಂ, ಇನ್ನೊಂದು ಗುಟುಕು." ಅದು ಗೇಟಿನಲ್ಲಿದ್ದ ಪ್ರಥಮ ಚಿಕಿತ್ಸೆಯವಳು. ಅವಳೇ ಫೋನು ಎತ್ತಿಕೊಂಡಳು. "ಯಾರು ಲೈನಿನಲ್ಲಿ? ನುಂಗ್ತಿದ್ದಾನೆ. ಆಂಬುಲೆನ್ಸ್ ಬರ್ತಾ ಇದೆ. ನೀವು ಹೇಳದಿದ್ದರೆ ನಾವು ಅವನನ್ನ ಮಲಗಿ ನಶೆ ಇಳಿಸಿಕೊಳ್ಳಲಿ ಅಂತ ಬಿಟ್ಟುಬಿಡ್ತಿದ್ವಿ."

ನಾನು ಕುರ್ಚಿಯ ಮೇಲೆ ಕೂತು ಅತ್ತೆ. ಡೇನಿಯಲ್ ಚಹಾ ತಂದುಕೊಟ್ಟ. ಅದಕ್ಕೆ ವಿಪರೀತ ಸಕ್ಕರೆ ಹಾಕಿದ್ದ.

ಸಂಜೆಗೆ ಆಸ್ಪತ್ರೆಯಿಂದ ಸುದ್ದಿ ಬಂತು, ಹೆನ್ರಿಕ್ ಎದ್ದು ಕೂತಿದ್ದಾನೆ, ಹೊಟ್ಟೆ ತುಂಬ ಊಟ ಮಾಡಿದ್ದಾನೆ. ಅಷ್ಟಕ್ಕೇ ಮುಗಿಯಲಿಲ್ಲ. ಕುಡಿದು ಬಂದ ಚಾಲಕ ಎಂದು ಗೇಟಿನವರು ಅವನ ಕಂಪನಿಗೆ ಆಗಲೇ ತಿಳಿಸಿದ್ದರು. ಆ ಆರೋಪ ಉಳಿದರೆ ಅವನನ್ನು ಇನ್ನೆಲ್ಲೂ ಕೆಲಸಕ್ಕೆ ಸೇರಿಸುತ್ತಿರಲಿಲ್ಲ. ಡೇನಿಯಲ್ ಮಾರನೆಯ ದಿನ ತಾನೇ ಲೀಡ್ಸಿಗೆ ರೈಲು ಹತ್ತಿ ಹೋಗಿ ಆ ಕಂಪನಿಯ ಮಾಲೀಕನ ಎದುರು ಕೂತು ನಡೆದದ್ದನ್ನು ಹೇಳಿ ಬಂದ. ಹಾಗೆ ಹೋಗು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಸಕ್ಕರೆ ಹೀಗೆ ಇಳಿದವರು ಲಾರಿ ಓಡಿಸಬಾರದೆಂಬ ನಿಯಮದಿಂದ ಹೆನ್ರಿಕ್‌ಗೆ ಮತ್ತೆ ಓಡಿಸುವುದು ಸಾಧ್ಯವಾಗಲಿಲ್ಲ, ಆದರೆ ಮಾಲೀಕ ಅವನನ್ನು ಬಿಡಲಿಲ್ಲ. ಡಿಪೋದಲ್ಲಿ ಹೊಸ ಚಾಲಕರಿಗೆ ದಾರಿ, ಕಾಗದಪತ್ರ ಕಲಿಸುವ ಕೆಲಸ ಕೊಟ್ಟ. ಮನೆ ಮಾಡಿಕೊಂಡು ಇರುವಂಥ ಕೆಲಸ. ಏವಾ ತಾಯಿಯನ್ನೂ ಕರೆದುಕೊಂಡು ಲೀಡ್ಸಿಗೆ ಬಂದಳು.

ಗೋಡೆಯ ಮೇಲಿನ ಪರದೆ ಆಮೇಲೂ ಇತ್ತು. ಕರೆಯ ಅವಧಿ ತೋರಿಸುತ್ತಿದ್ದ ಜಾಗದಲ್ಲಿ ಸಮುದ್ರದ ಹವಾಮಾನ ಬರುತ್ತಿತ್ತು, ಅಷ್ಟೇ.

ಅನನ್ಯ, ಕೆಲಸ ಇಷ್ಟೇ. ಬಹುಪಾಲು ದಿನ ಏನೂ ಆಗುವುದಿಲ್ಲ. ಲಾರಿ ಬರುತ್ತದೆ, ಹತ್ತುತ್ತದೆ, ಇಳಿಯುತ್ತದೆ. ಅದೂ ಒಳ್ಳೆಯದೇ. ನನಗೆ ಈ ದೇಶವನ್ನೂ ನೆರೆಯ ದೇಶಗಳನ್ನೂ ಪರಿಚಯ ಮಾಡಿಸಿದ್ದು ಅಂಥ ದಿನಗಳೇ. ಬೋಲ್ಟನ್ನಿನ ಹೆಂಗಸು, ಐರ್ಲೆಂಡಿನ ಕಾರ್ಕ್ ಊರಿನ ಮುದುಕ, ಹಾಲೆಂಡಿನ ಗ್ರೋನಿಂಗನ್ನಿನ ಹೂವಿನ ವ್ಯಾಪಾರಿ, ಎಲ್ಲರೂ ನನ್ನ ಮೇಜಿನ ಮೇಲೆ ಹಾದುಹೋದರು. ನನ್ನ ಉಚ್ಚಾರಣೆಗೆ ನಕ್ಕವರು ಕಡಿಮೆ, ಕಾದವರು ಹೆಚ್ಚು.

ನಾನು ನಿವೃತ್ತಳಾದ ದಿನ ಕಚೇರಿಯಲ್ಲಿ ಕೇಕು, ಹೂವು ಎಲ್ಲ ಇತ್ತು. ಮೊರೀನ್ ಕೋಲು ಊರಿಕೊಂಡು ಬಂದಿದ್ದಳು. ನಾನು ಅವಳಿಗೆ ನೀರು ತರಲು ಹೊರಗೆ ಬಂದಾಗ ಮೆಟ್ಟಿಲ ಹತ್ತಿರ ಎತ್ತರದ, ಬೊಕ್ಕತಲೆಯ ಒಬ್ಬ ಗಂಡಸು, ಪಕ್ಕದಲ್ಲಿ ನೀಲಿ ಕೋಟಿನ ಹೆಂಗಸು ದಾರಿ ತಪ್ಪಿದವರಂತೆ ನಿಂತಿದ್ದರು. ಆತ ನನ್ನನ್ನು ನೋಡಿ ತಲೆಬಾಗಿ, ನನ್ನನ್ನು ದಾಟಿ ಬಾಗಿಲ ಕಡೆ ನೋಡತೊಡಗಿದ.

"ಯಾರು ಬೇಕಾಗಿತ್ತು?" ಎಂದೆ.

ಆತ ಗಕ್ಕನೆ ತಿರುಗಿದ. ನನ್ನ ಮುಖವನ್ನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡ. "ಇನ್ನೊಂದು ಸಲ ಹೇಳಿ, ಪ್ಲೀಸ್."

"ಹೆನ್ರಿಕ್?" ಎಂದೆ.

ಅವನು ಕಣ್ಣು ತೆರೆದು ತಲೆಯಾಡಿಸಿದ. ಡೇನಿಯಲ್ ನನಗೆ ಹೇಳದೆ ಅವರಿಬ್ಬರನ್ನೂ ಲೀಡ್ಸಿನಿಂದ ಕರೆಸಿದ್ದ. ಏವಾ ಮುಂದೆ ಬಂದು ನನ್ನ ಎರಡೂ ಕೈ ಹಿಡಿದಳು. ಅವಳಿಗೆ ಇಂಗ್ಲಿಷ್ ಬಾರದು. ಪೋಲಿಷ್ ಭಾಷೆಯಲ್ಲೇ ಮಾತಾಡತೊಡಗಿದಳು, ಬಹಳ ಹೊತ್ತು, ನಡುವೆ ಒಮ್ಮೆ ನಕ್ಕಳು, ಒಮ್ಮೆ ಕಣ್ಣು ಒರೆಸಿಕೊಂಡಳು. ಹೆನ್ರಿಕ್ ಅನುವಾದ ಮಾಡಲು ಬಾಯಿ ತೆರೆದ, ನಾನು ಬೇಡವೆಂದು ತಲೆಯಾಡಿಸಿದೆ. ಅವಳು ಮುಗಿಸುವವರೆಗೂ ಕೇಳಿದೆ. ಆಮೇಲೆ ನಾನೂ, ಆ ಕಚೇರಿಯಲ್ಲಿ ಮೊದಲ ಬಾರಿಗೆ, ಎದುರು ನಿಂತವರೊಂದಿಗೆ ನನ್ನ ಧಾರವಾಡದ ಕನ್ನಡದಲ್ಲಿ ಮಾತಾಡಿದೆ.

"ಭಾಳ ಛಲೋ ಆತು ಬಂದದ್ದು, ತಂಗಿ. ಇಂವ ಹೊತ್ತಿಗೆ ಸರಿಯಾಗಿ ಊಟಾ ಮಾಡೂಹಂಗ ನೋಡ್ಕೊ. ಇಬ್ರೂ ಕೂಡಿ ಆರಾಮಿರ್ರಿ."

ಏವಾ ಗಮನವಿಟ್ಟು ಕೇಳಿದಳು. ಆಮೇಲೆ ಹೂಂ ಎನ್ನುವಂತೆ ತಲೆಯಾಡಿಸಿ, ಗಂಡನ ಹೊಟ್ಟೆಯನ್ನು ಮೆಲ್ಲಗೆ ತಟ್ಟಿ ತೋರಿಸಿದಳು.